ತುರುಗೋಳಿನ ಸಾಹಿತ್ಯದಲ್ಲಿ ‘ಕಳ್ಳ’ನ ಸ್ಥಾನ

೧

ಹಳಗನ್ನಡ ಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ ‘ತುರುಗೋಳ್’ ಎಂಬ ಮಾತು ಹೊಸತಲ್ಲ. ತುರು ಎಂದರೆ ಆಕಳು. ಕೋಳ್ ಎಂದರೆ ಹಿಡಿತ, ಸೂರೆ. ಒಂದು ಊರಿನ ದನಗಳನ್ನು ಹೊರಗಿನವರು ಬಂದು ಅಟ್ಟಿಕೊಂಡು ಹೋಗುವುದು ತುರುಗೋಳ್. ಅವರನ್ನು ಬೆನ್ನಟ್ಟಿ, ಕಾದಿ, ದನಗಳನ್ನು ಹಿಂದಕ್ಕೆ ತರುವುದು ತುರುವನ್ನು ‘ಮಗುಳ್ಚು’ವುದು. ಊರಳಿವು, ಪೆಣ್ಬುಯ್ಯಲ್, ಗಡಿಯ ಕಾಳಗ ಇವುಗಳೊಡನೆ ತುರುಗೋಳೂ ನಮ್ಮ ವೀರಗಲ್ಲುಗಳ ಮುಖ್ಯ ಪ್ರಸಂಗಗಳಲ್ಲೊಂದು. ಈ ವಿಷಯದಲ್ಲಿ ಕನ್ನಡ ವಿದ್ವಾಂಸರು ಮಾಡಿರುವ ಕೆಲಸವೂ ಅಲ್ಪವಲ್ಲ. ೧೯೬೬ರಲ್ಲಿ ಪ್ರಕಟವಾದ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, ೧೯೮೨ರ ಆರ್. ಶೇಷಶಾಸ್ತ್ರಿಗಳ ‘ಕರ್ನಾಟಕದ ವೀರಗಲ್ಲುಗಳು’ ಈ ಎರಡು ಗ್ರಂಥಗಳನ್ನು ಬಿಟ್ಟು ಯಾರೂ ಇಲ್ಲಿ ಹೆಜ್ಜೆಯಿಡಲಾರರು. ಪ್ರಕೃತ ಲೇಖನದ ಉದ್ದೇಶ ಆ ಮಹನೀಯರು ಹೇಳಿದುದನ್ನು ಮತ್ತೆ ಹೇಳುವುದಲ್ಲ. ಅವರ ಗ್ರಂಥಗಳನ್ನು ಓದಿಯೂ ಈ ಲೇಖಕನು ಕೇಳಿಕೊಳ್ಳದೆ ಉಳಿದಿದ್ದ ಒಂದು ಪ್ರಶ್ನೆಯನ್ನು ವಾಚಕರ ಮುಂದಿಡುವುದು.

ಆ ಪ್ರಶ್ನೆ ಹುಟ್ಟಿದ ಬಗೆಯನ್ನು ಹೇಳಿಬಿಡುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ನಮ್ಮ ಈ ಹೈದರಾಬಾದಿನ ಕನ್ನಡಿಗರ ಒಂದು ಸಣ್ಣ ಸಭೆಯಲ್ಲಿ ವೀರಗಲ್ಲುಗಳ ವಿಷಯವಾಗಿ ನಾನು ಮಾತನಾಡಿದೆ. “ಬೇಡರು ಬಂದು ದನ ಕದ್ದೊಯ್ಯುತ್ತಿದ್ದರು, ಊರ ವೀರರು ಪ್ರಾಣಕೊಟ್ಟು ಅವನ್ನು ಉಳಿಸುತ್ತಿದ್ದರು” ಎಂದು, ಎಲ್ಲರೂ ಹೇಳುವಂತೆ, ನಾನೂ ಹೇಳಿದೆ. ಸಭೆ ಮುಗಿದ ಮೇಲೆ ಸುರಪುರದ ಕಡೆಯ ಒಬ್ಬ ತರುಣನು ಹತ್ತಿರ ಬಂದು, ಬಹು ವಿನಯದಿಂದಲೇ, “ಸರ್, ಕದ್ದವರು ಬೇಡರು ಅಂತ ಆ ಕಲ್ಲಿನ ಮ್ಯಾಲ ಬರಿಸಿದವರು ಯಾರ್ರೀ?” ಎಂದು ಕೇಳಿದನು. ಊರಿನವರು ಎಂದೆ. “ಹಂಗಾದ್ರ ನಮ್ಮವರದು ಒಂದು ಮಾತೂ ಅದರಾಗ ಇಲ್ಲ ಅಂದಂಗಾತು” ಎಂದು ಹೇಳಿ, ಕೈಮುಗಿದು ಹೊರಟುಹೋದನು. ಅವನಿಗೆ ಕೊಡಬೇಕಾಗಿದ್ದ ಉತ್ತರ ಆ ದಿನ ನನ್ನಲ್ಲಿರಲಿಲ್ಲ. ಇಂದು ಬರೆಯುತ್ತಿರುವುದು ತಡವಾಗಿ ಬಂದ ಆ ಉತ್ತರ.

೨

ಮೊದಲು ಕಲ್ಲನ್ನೇ ನೋಡೋಣ. ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಅಂತಸ್ತುಗಳು. ಕೆಳಗಿನದರಲ್ಲಿ ಕಾಳಗ, ಒಂದು ಮೂಲೆಯಲ್ಲಿ ದನಗಳು. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಕೊಂಡೊಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ತನ್ನ ದೇವರ ಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಈ ಏರಿಕೆಯಲ್ಲಿ ಒಂದು ಸರಳವಾದ, ಘನವಾದ ಕಲೆಯಿದೆ. ಸತ್ತವನು ಬಹುಮಟ್ಟಿಗೆ ಅರಸನಲ್ಲ. ಒಬ್ಬ ಗಾವುಂಡನ ಮಗ, ಒಬ್ಬ ತಳಾರ, ಕೆಲವೊಮ್ಮೆ ಒಬ್ಬ ಗೋವಳ. ಅರಸರ ಪ್ರಶಸ್ತಿಗಳಲ್ಲಿ ಎಂದೂ ಹೆಸರು ಕಾಣದಂಥವನಿಗೆ ಈ ಕಲ್ಲು ಹೆಸರನ್ನು ಕೊಟ್ಟಿತು, ಸ್ವರ್ಗವನ್ನೂ ಕೊಟ್ಟಿತು. ಕನ್ನಡದ ಸಾಮಾನ್ಯ ಮನುಷ್ಯನ ಮೊದಲ ಚರಿತ್ರೆ ಇದು ಎಂದರೆ ಅತಿಶಯೋಕ್ತಿಯಾಗದು.

ಆದರೆ ವೀರಗಲ್ಲಿಗೆ ಇನ್ನೊಂದು ಮುಖವುಂಟು. ಸತ್ತವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿ ಇಂಥ ಅನೇಕ ಕಲ್ಲುಗಳ ಮೇಲೆ ದಾಖಲಾಗಿರುತ್ತದೆ. ಕಲ್ನಾಡು, ಬಾಳ್ಗಚ್ಚು, ಮುಂದಿನ ಕಾಲದಲ್ಲಿ ನೆತ್ತರುಗೊಡಗೆ ಎಂದು ಅದಕ್ಕೆ ಹೆಸರು. ಅಂದಮೇಲೆ ಕಲ್ಲು ಬರಿಯ ಸ್ಮಾರಕವಲ್ಲ, ಹಕ್ಕುಪತ್ರವೂ ಹೌದು. ಜೀವಮಾನದ ಹೆಚ್ಚಿನ ಭಾಗವನ್ನು ಸಾಲಪತ್ರ, ಅಡಮಾನಪತ್ರಗಳ ನಡುವೆ ಕಳೆದ ಈ ಲೇಖಕನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಹಕ್ಕುಪತ್ರದಲ್ಲಿ ಎದುರು ಪಕ್ಷದ ಅಹವಾಲಿಗೆ ಜಾಗವಿರುವುದಿಲ್ಲ. ಅದು ಪತ್ರದ ದೋಷವಲ್ಲ, ಅದರ ಧರ್ಮ. ಓದುವವನು ಅದನ್ನು ಪತ್ರವೆಂದೇ ತಿಳಿದು ಓದಬೇಕು. ತೀರ್ಪೆಂದು ತಿಳಿದರೆ ತಪ್ಪು ಓದುವವನದು.

ಕೆಳಗಿನ ಅಂತಸ್ತಿನಲ್ಲಿ ವೀರನ ಬಾಣಕ್ಕೆ ಗುರಿಯಾದವರನ್ನು ಗಮನಿಸಬೇಕು. ಅವರೂ ಮನುಷ್ಯರೇ, ಅವರ ಕೈಯಲ್ಲಿಯೂ ಬಿಲ್ಲಿದೆ. ಅವರಲ್ಲಿಯೂ ಆ ದಿನ ಸತ್ತವರಿದ್ದಾರೆ. ಆದರೆ ಬಹುಮಟ್ಟಿಗೆ ಅವರಿಗೆ ಹೆಸರಿಲ್ಲ. ಇದ್ದರೆ ‘ಬೇಡರ್’ ಎಂಬ ಕುಲದ ಹೆಸರು, ಇಲ್ಲವೆ ‘ಕಳ್ಳರ್’ ಎಂಬ ಕೆಲಸದ ಹೆಸರು. ಈ ಎರಡು ಮಾತುಗಳು ಒಂದರ ಸ್ಥಾನದಲ್ಲಿ ಮತ್ತೊಂದು ಬಂದು ಬಂದು, ಕೊನೆಗೆ ಒಂದೇ ಅರ್ಥದವುಗಳಂತೆ ನಮ್ಮ ಕಿವಿಗೆ ಕೇಳತೊಡಗುತ್ತವೆ. ಪೂರ್ವಗ್ರಹವೆಂಬುದು ಹುಟ್ಟುವ ಬಗೆ ಇದೇ. ಯಾರೋ ಒಬ್ಬನು ದ್ವೇಷದಿಂದ ಆಡಿದ ಮಾತಿನಿಂದ ಅದು ಹುಟ್ಟುವುದು ಕಡಿಮೆ; ಒಂದೇ ಪಕ್ಷದ ದಾಖಲೆ ಉಳಿದು, ಮತ್ತೊಂದು ಪಕ್ಷದ್ದು ಉಳಿಯದೆ ಹೋದಾಗ ಅದು ತಾನೇ ತಾನಾಗಿ ಬೆಳೆಯುತ್ತದೆ.

ನೆರೆಯ ತಮಿಳಿನ ಲಾಕ್ಷಣಿಕರು ಇಲ್ಲಿ ನಮಗಿಂತ ಉದಾರವಾಗಿ ಯೋಚಿಸಿದರು. ದನಗಳನ್ನು ಸೆಳೆಯಲು ಹೊರಟವರು ವೆಟ್ಚಿ ಹೂವನ್ನು ಮುಡಿಯುತ್ತಾರೆ. ಮರಳಿಸಲು ಹೊರಟವರು ಕರಂದೈ ಹೂವನ್ನು ಮುಡಿಯುತ್ತಾರೆ. ತೊಲ್ಕಾಪ್ಪಿಯಂ ಎಂಬ ಪ್ರಾಚೀನ ಲಕ್ಷಣಗ್ರಂಥದಲ್ಲಿ ಯುದ್ಧವಸ್ತುವಿನ ವಿಚಾರ ಮೊದಲಾಗುವುದೇ ವೆಟ್ಚಿಯಿಂದ. ಸೆಳೆದವನಿಗೂ ಒಂದು ಹೂವುಂಟು, ಮರಳಿಸಿದವನಿಗೂ ಒಂದು ಹೂವುಂಟು. ಕಾವ್ಯಮೀಮಾಂಸೆಯ ಮಟ್ಟಿಗಾದರೂ ಇಬ್ಬರೂ ಸಮಾನರು. ನಮ್ಮ ಕಲ್ಲುಗಳ ಮೇಲೆ ಹೂವಿನ ಮಾಲೆಯನ್ನು ಹಿಡಿದು ಬರುವ ಅಪ್ಸರೆ ಒಂದು ಕಡೆಗೆ ಮಾತ್ರ ಹೋಗುತ್ತಾಳೆ.

೩

ಇನ್ನು ಕಾವ್ಯಕ್ಕೆ ಬರೋಣ. ಭಾರತದ ವಿರಾಟಪರ್ವವೆಂದರೆ ತುರುಗೋಳಿನ ಪರ್ವ. ಮೊದಲು ತ್ರಿಗರ್ತದ ಸುಶರ್ಮನು ದಕ್ಷಿಣದ ದನಗಳನ್ನು ಸೆಳೆಯುತ್ತಾನೆ; ಆ ಬಳಿಕ ದುರ್ಯೋಧನನು ಭೀಷ್ಮ, ದ್ರೋಣ, ಕೃಪ, ಕರ್ಣರೊಡನೆ ಬಂದು ಉತ್ತರದ ದನಗಳನ್ನು ಸೆಳೆಯುತ್ತಾನೆ. ಬೃಹನ್ನಳೆಯ ವೇಷದ ಅರ್ಜುನನು ಉತ್ತರಕುಮಾರನನ್ನು ಸಾರಥಿಯಾಗಿಟ್ಟುಕೊಂಡು ಅವನ್ನು ಮರಳಿಸುತ್ತಾನೆ. ಊರು, ದನ, ಬೆನ್ನಟ್ಟುವಿಕೆ, ಮರಳಿಸುವಿಕೆ ಎಲ್ಲವೂ ವೀರಗಲ್ಲಿನದೇ. ಅದರೊಳಗೆ ಒಂದೇ ಮನೆಯ ಎರಡು ಕವಲುಗಳ ಹಗೆ ಸೇರಿದೆ, ಅಷ್ಟೇ ವ್ಯತ್ಯಾಸ.

ಈ ಕಥೆಯನ್ನು ಕನ್ನಡದಲ್ಲಿ ಮೊದಲು ವಿಸ್ತರಿಸಿದ ಮಹಾಕವಿ ಪಂಪನು ೯೪೧ರಲ್ಲಿ ತನ್ನ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದದ್ದು ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ. ಆ ವೇಮುಲವಾಡ ಇಂದು ತೆಲಂಗಾಣದಲ್ಲಿದೆ. ನಾವು ಕುಳಿತಿರುವ ಈ ನಗರದಿಂದ ಒಂದು ದಿನದಲ್ಲಿ ಹೋಗಿ ಬರಬಹುದು. ಪಂಪನ ತಮ್ಮ ಜಿನವಲ್ಲಭನು ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಈ ಮೂರು ಭಾಷೆಗಳಲ್ಲಿ ಬರೆಸಿದ ಶಾಸನವೂ ಅದೇ ಸೀಮೆಯದು. ತನ್ನ ಒಡೆಯನನ್ನೇ ಅರ್ಜುನನೊಡನೆ ಒಂದಾಗಿಸಿದ ಪಂಪನಿಗೆ ಗಡಿ, ಕಾಳಗ, ಸೂರೆಗಳು ಪುಸ್ತಕದಿಂದ ತಿಳಿದ ಸಂಗತಿಗಳಲ್ಲ. ಕವಿಯಾದಂತೆಯೇ ಅವನು ಕಲಿಯೂ ಆಗಿದ್ದನು.

ಇಲ್ಲಿ ವಿಮರ್ಶಕನು ನಿಂತು ಯೋಚಿಸಬೇಕಾದ ಒಂದು ಅಂಶವಿದೆ. ಭಾರತದಲ್ಲಿ ದನಗಳನ್ನು ಸೆಳೆದವರಿಗೆ ಹೆಸರುಗಳಿವೆ, ವಂಶಗಳಿವೆ, ಕಾರಣಗಳಿವೆ. ಭೀಷ್ಮನು ದನಗಳ್ಳನೆಂದು ನಮ್ಮಲ್ಲಿ ಯಾರೂ ಹೇಳಿದ್ದಿಲ್ಲ. ಸೆರೆಸಿಕ್ಕ ಸುಶರ್ಮನನ್ನು ಧರ್ಮರಾಯನು ಬಿಟ್ಟು ಕಳುಹಿಸುತ್ತಾನೆ. ಅರಸನು ಮಾಡಿದರೆ ಅದಕ್ಕೆ ಗೋಗ್ರಹಣವೆಂಬ ಸಂಸ್ಕೃತದ ಹೆಸರು. ಬೇಡನು ಮಾಡಿದರೆ ಅದಕ್ಕೆ ಕಳ್ಳತನವೆಂಬ ಕನ್ನಡದ ಹೆಸರು. ಕೆಲಸ ಒಂದೇ, ದನಗಳು ಅವೇ. ವ್ಯತ್ಯಾಸವಿರುವುದು ಮಾಡಿದವನ ಹುಟ್ಟಿನಲ್ಲಿ. ಇದನ್ನು ಪೂರ್ವಗ್ರಹವೆನ್ನದೆ ಬೇರೇನೆನ್ನಬೇಕು?

ಮತ್ತೊಂದು ಮಾತು. ದನಗಳನ್ನು ನಿಜವಾಗಿ ಕಳೆದುಕೊಂಡವನು ಗೋವಳ. ಭಾರತದ ಕಥೆಯಲ್ಲಿ ಅವನು ಏಟು ತಿಂದು, ಅರಮನೆಗೆ ಓಡಿ ಬಂದು, ಸುದ್ದಿ ಹೇಳುತ್ತಾನೆ; ಅಲ್ಲಿಗೆ ಅವನ ಪಾತ್ರ ಮುಗಿಯಿತು. ಕುಮಾರವ್ಯಾಸನು ಉತ್ತರಕುಮಾರನ ಬಡಾಯಿಯನ್ನು ಕನ್ನಡ ನಾಡು ಎಂದೂ ಮರೆಯದಂತೆ ಚಿತ್ರಿಸಿದನು. ಆ ಬಡಾಯಿಗೆ ಕಾರಣನಾದ ಗೋವಳನಿಗೆ ಆಮೇಲೆ ಏನಾಯಿತೆಂದು ಕೇಳುವ ಗೋಜಿಗೆ ಹೋಗಲಿಲ್ಲ. ಇದು ಆ ಮಹಾಕವಿಗಳ ಮೇಲಿನ ದೂರಲ್ಲ. ಅರಮನೆಯಲ್ಲಿ ನಿಂತು ನೋಡಿದರೆ ಹುಲ್ಲುಗಾವಲು ಕಾಣುವುದು ಅಷ್ಟೇ ದೂರದಿಂದ. ಹಾಗಾದರೆ ಹುಲ್ಲುಗಾವಲಿನಲ್ಲಿ ನಿಂತು ನೋಡಿದವರ ಕಾವ್ಯವಿಲ್ಲವೆ? ಇದೆ. ಅದನ್ನು ಕಾಣಬೇಕಾದರೆ ಮೊದಲು ತೆಲುಗಿಗೆ ಹೋಗಬೇಕು.

೪

ತೆಲುಗು ಭಾರತವನ್ನು ನನ್ನಯನು ಅರಣ್ಯಪರ್ವದ ನಡುವೆ ನಿಲ್ಲಿಸಿದನು. ನೆಲ್ಲೂರಿನ ಮನುಮಸಿದ್ಧಿಯ ಆಸ್ಥಾನದಲ್ಲಿದ್ದ ತಿಕ್ಕನ ಸೋಮಯಾಜಿಯು ಹದಿಮೂರನೆಯ ಶತಮಾನದಲ್ಲಿ ಅದನ್ನು ಮುಂದುವರಿಸಿದಾಗ, ಉಳಿದಿದ್ದ ಅರಣ್ಯಪರ್ವದ ಭಾಗವನ್ನು ಬಿಟ್ಟು, ವಿರಾಟಪರ್ವದಿಂದಲೇ ಆರಂಭಿಸಿದನು. ಅಂದರೆ ತುರುಗೋಳಿನ ಪರ್ವದಿಂದ. ಇದೇ ತಿಕ್ಕನನ ದಾಯಾದಿ ಸೋದರನಾದ ಖಡ್ಗ ತಿಕ್ಕನನು ನೆಲ್ಲೂರಿನ ಪಕ್ಷದಲ್ಲಿ ಹೋರಾಡಿ ಸತ್ತದ್ದು ದನಗಳ ಮೇವಿನ ಜಗಳದಲ್ಲಿ ಎಂದು ತೆಲುಗಿನ ಐತಿಹ್ಯ. ಆ ಜಗಳದ ಮತ್ತೊಂದು ಪಕ್ಷದವರು ಹಾಡಿಕೊಂಡು ಬಂದ ಮಹಾಕಥನವೇ ‘ಕಾಟಮರಾಜು ಕಥ’. ತಂಗಿರಾಲ ವೆಂಕಟ ಸುಬ್ಬಾರಾವ್ ಅವರು ಶ್ರಮವಹಿಸಿ ಸಂಪಾದಿಸಿದುದರಿಂದ ಅದು ಇಂದು ಓದಲು ದೊರೆಯುತ್ತದೆ.

ಪ್ರಚಲಿತ ರೂಪದಲ್ಲಿ ಕಥೆ ಹೀಗಿದೆ. ಕಾಟಮರಾಜು ಯಾದವರ, ಎಂದರೆ ಗೊಲ್ಲರ, ನಾಯಕ. ಕ್ಷಾಮ ಬಂದು ಹುಲ್ಲು ಒಣಗಿದಾಗ ಅವನು ಲೆಕ್ಕವಿಲ್ಲದಷ್ಟು ದನಗಳನ್ನು ಹೊಡೆದುಕೊಂಡು ನೆಲ್ಲೂರಿನ ಅರಸ ನಲ್ಲಸಿದ್ಧಿಯ ಹುಲ್ಲುಗಾವಲಿಗೆ ಬರುತ್ತಾನೆ. ಮೇವಿಗೆ ಪ್ರತಿಯಾಗಿ, ಹುಟ್ಟುವ ಹೋರಿಗರುಗಳನ್ನು ಅರಸನಿಗೆ ಕೊಡತಕ್ಕದ್ದೆಂದು ಒಪ್ಪಂದವಾಗುತ್ತದೆ. ಆಮೇಲೆ ಅರಸನ ಪ್ರಿಯತಮೆಯ ಗಿಳಿಯೊಂದು ಗೊಲ್ಲರ ಕೈಯಲ್ಲಿ ಸಾಯುತ್ತದೆ. ಅವಳ ಕಡೆಯವರು ದನಗಳನ್ನು ಕೊಲ್ಲುತ್ತಾರೆ. ಒಪ್ಪಂದ ಮುರಿದವರು ನೀವು ಎಂದು ಗೊಲ್ಲರು. ಸುಂಕ ಕೊಡದವರು ನೀವು ಎಂದು ಅರಸನ ಕಡೆಯವರು. ಕೊನೆಗೆ ಯುದ್ಧ. ಖಡ್ಗ ತಿಕ್ಕನನು ಮೊದಲ ಸಲ ಸೋತು ಮನೆಗೆ ಮರಳುತ್ತಾನೆ. ಹೆಂಡತಿ ಅವನ ಸ್ನಾನಕ್ಕೆ ಹೆಂಗಸರಿಗೆ ಇಡುವಂತೆ ಮಂಚವನ್ನು ಮರೆಯಿಟ್ಟು ಅರಿಸಿನವನ್ನು ಇಟ್ಟಿರುತ್ತಾಳೆ. ತಾಯಿ ಅವನನ್ನು ಹಂಗಿಸುತ್ತಾಳೆ. ನಾಚಿದ ವೀರನು ಮತ್ತೆ ರಣಕ್ಕೆ ಹೋಗಿ ಮಡಿಯುತ್ತಾನೆ.

ಈ ಕಥನದ ಹಿರಿಮೆ ಎಲ್ಲಿದೆ? ಮೊದಲನೆಯದಾಗಿ, ಹಗೆಯ ಮೂಲವನ್ನು ಅದು ಮನುಷ್ಯರ ದುಷ್ಟತನದಲ್ಲಿ ಹುಡುಕುವುದಿಲ್ಲ. ಮಳೆಯಿಲ್ಲದ ಒಂದು ವರ್ಷದಲ್ಲಿ, ಅನ್ಯರ ನೆಲದಲ್ಲಿ ಮೇಯಿಸಬೇಕಾದ ನಿರ್ಬಂಧದಲ್ಲಿ, ಎರಡು ಪಕ್ಷಗಳೂ ಎರಡು ಬಗೆಯಾಗಿ ಅರ್ಥಮಾಡಿಕೊಂಡ ಒಂದು ಕರಾರಿನಲ್ಲಿ ತೋರಿಸುತ್ತದೆ. ಒಂದು ಗಿಳಿಯ ಸಾವಿಗೆ ಅಷ್ಟೊಂದು ದನ, ಅಷ್ಟೊಂದು ಜನ ಸಾಯುವ ಅಸಂಗತತೆಯನ್ನು ಅದು ಮುಚ್ಚಿಡುವುದಿಲ್ಲ. ಎರಡನೆಯದಾಗಿ, ಅರಸನ ಲೆಕ್ಕದಲ್ಲಿ ಸುಂಕ ತಪ್ಪಿಸಿದ ದಂಗೆಕೋರರಾದ ಗೊಲ್ಲರು ಇಲ್ಲಿ ತಮ್ಮ ಮಾತನ್ನು ತಾವೇ ಹೇಳುತ್ತಾರೆ. ಮೂರನೆಯದು, ಎಲ್ಲಕ್ಕಿಂತ ದೊಡ್ಡದು: ಗೊಲ್ಲರ ಹಗೆಯವನಾದ ಖಡ್ಗ ತಿಕ್ಕನನಿಗೂ ಆ ಪರಂಪರೆಯಲ್ಲಿ ಹೆಸರುಂಟು, ಮನೆಯುಂಟು, ತಾಯಿ ಹೆಂಡಿರುಂಟು, ನಾಚಿಕೆಯುಂಟು, ಘನವಾದ ಸಾವುಂಟು. ಗೊಲ್ಲರಿಗೆ ಅರಸರ ಕವಿಗಳು ಕೊಡದೆ ಹೋದುದನ್ನು ಗೊಲ್ಲರ ಕಥನವು ಅರಸನ ಸೇನಾಪತಿಗೆ ಕೊಟ್ಟಿತು.

೫

ಕನ್ನಡದಲ್ಲಿ ಇಂಥದಿಲ್ಲವೆ ಎಂದು ಕೇಳಿದರೆ, ಚಿತ್ರದುರ್ಗದ ಸೀಮೆಗೆ ಹೋಗಬೇಕು. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರುಗಳ ಒಣನೆಲ ದನಗಾಹಿಗಳ ನೆಲ. ಅಲ್ಲಿ ಗೊಲ್ಲರಹಟ್ಟಿಗಳಲ್ಲಿ ಕಾಡುಗೊಲ್ಲರಿದ್ದಾರೆ. ಅವರ ನೆರೆಯಲ್ಲಿ ಮ್ಯಾಸಬೇಡರಿದ್ದಾರೆ. ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪ. ಅವನ ಹೋರಿ ಬಡಮೈಲ. ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲನ್ನು ಊದುತ್ತ ಅವನ ಕಾವ್ಯವನ್ನು ಹಾಡುತ್ತಾರೆ. ತೀ. ನಂ. ಶಂಕರನಾರಾಯಣ ಅವರು ಆ ಜನರ ಬದುಕಿನ ಮೇಲೆ ಮಾಡಿದ ಅಧ್ಯಯನವನ್ನೂ, ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಹಾಡಿದುದನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದ ‘ಸಾವಿರದ ಸಿರಿಬೆಳಗು’ವನ್ನೂ ಓದಿದವರಿಗೆ, ನಮ್ಮ ಛಂದೋಬದ್ಧ ಕಾವ್ಯಗಳ ಪಕ್ಕದಲ್ಲಿಯೇ ಅಕ್ಷರವರಿಯದವರ ಎಂಥ ಸಂಪತ್ತು ಇತ್ತೆಂಬುದು ಮನವರಿಕೆಯಾಗುತ್ತದೆ.

ನಮ್ಮ ಪ್ರಶ್ನೆಗೆ ಹೆಚ್ಚು ಮುಖ್ಯರಾದವರು ಮ್ಯಾಸಬೇಡರು. ಬೇಡರಲ್ಲಿ ಊರುಬೇಡರು, ಮ್ಯಾಸಬೇಡರು ಎಂದು ಎರಡು ಪಂಗಡ. ಈ ಮ್ಯಾಸಬೇಡರು ದನಗಳನ್ನು ಸಾಕುವವರು. ಸಾಕುವವರು ಮಾತ್ರವಲ್ಲ, ಆರಾಧಿಸುವವರು. ಅವರ ಹಟ್ಟಿಗಳಲ್ಲಿ ದೇವರಿಗೆ ಬಿಟ್ಟ ಎತ್ತುಗಳ ಮಂದೆಗಳುಂಟು. ‘ದೇವರ ಎತ್ತು’ಗಳೆಂದು ಅವಕ್ಕೆ ಹೆಸರು, ಅವುಗಳನ್ನು ನೋಡಿಕೊಳ್ಳುವವನು ಕಿಲಾರಿ. ಆ ಎತ್ತುಗಳನ್ನು ಮಾರುವಂತಿಲ್ಲ, ದುಡಿಸುವಂತಿಲ್ಲ. ಇವರಲ್ಲಿ ಅನೇಕರ ಮನೆಮಾತು ತೆಲುಗು, ಹೊರಗಿನ ಮಾತು ಕನ್ನಡ. ಅವರ ವೀರನಾದ ಗಾದ್ರಿ ಪಾಲನಾಯಕನು ಹುಲಿಯೊಡನೆ ಹೋರಾಡಿ ಮಡಿದವನೆಂದು ಅವರು ಹಾಡುತ್ತಾರೆ.

ಶಾಸನಗಳಲ್ಲಿ ‘ದನ ಕದ್ದವರು’ ಎಂದು ನಾವು ಓದಿದ ಹೆಸರಿನವರೇ, ತಮ್ಮ ಹಾಡಿನಲ್ಲಿ ದನಕ್ಕಾಗಿ ಬಾಳಿದವರಾಗಿದ್ದಾರೆ. ಈ ಎರಡು ಚಿತ್ರಗಳೂ ಏಕಕಾಲದಲ್ಲಿ ಕಣ್ಣ ಮುಂದಿಲ್ಲದಿದ್ದರೆ ತುರುಗೋಳಿನ ಅರ್ಥವಾಗದು. ಹುಲ್ಲುಗಾವಲು ಕಿರಿದಾಗುತ್ತ, ಕಾಡು ಕಡಿದು ಊರು ಬೆಳೆಯುತ್ತ ಬಂದಂತೆ, ಉಳುವವನಿಗೂ ಮೇಯಿಸುವವನಿಗೂ ಗಡಿಯ ಜಗಳ ಬಂದೇ ಬರುತ್ತದೆ. ನನ್ನ ಹೊಲ ಎಂದು ಒಬ್ಬನು ಅನ್ನುವ ಕಡೆಯಲ್ಲಿ, ನನ್ನ ಅಜ್ಜನ ಕಾಲದ ಮೇವು ಎಂದು ಇನ್ನೊಬ್ಬನು ಅನ್ನುತ್ತಾನೆ. ಒಬ್ಬನ ಮಾತು ಕಲ್ಲಿನ ಮೇಲೆ ಉಳಿಯಿತು, ಇನ್ನೊಬ್ಬನದು ಗಂಟಲಲ್ಲಿ ಉಳಿಯಿತು. ಕಲ್ಲನ್ನು ಪ್ರಮಾಣವೆಂದು, ಗಂಟಲಿನದನ್ನು ಕಟ್ಟುಕಥೆಯೆಂದು ನಾವು ವರ್ಗೀಕರಿಸಿದೆವು. ನಮ್ಮ ಸಂಶೋಧನೆಯ ಪೂರ್ವಗ್ರಹ ಅದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕಳ್ಳತನವು ಕಳ್ಳತನವೇ ಅಲ್ಲವೆ? ಊರ ದನಕ್ಕಾಗಿ ಪ್ರಾಣಕೊಟ್ಟವನ ತ್ಯಾಗ ಸುಳ್ಳೆ? ಖಂಡಿತ ಸುಳ್ಳಲ್ಲ. ದನಗಳು ಹೋದರೆ ಆ ವರ್ಷದ ಉಳುಮೆಯೂ ಹೋಯಿತು, ಮಕ್ಕಳ ಹಾಲೂ ಹೋಯಿತು. ಅದಕ್ಕಾಗಿ ಸತ್ತವನು ವೀರನೇ. ಸುಲಿಗೆಯನ್ನು ಸುಲಿಗೆಯೆಂದು ಕರೆಯಲೂ ಅಡ್ಡಿಯಿಲ್ಲ. ಒಂದು ದಿನದ ಒಂದು ಕೃತ್ಯದ ಹೆಸರನ್ನು ಒಂದು ಕುಲಕ್ಕೆ, ಎಲ್ಲ ಕಾಲಕ್ಕೂ ಅಂಟಿಸಿಬಿಡುವುದು ಮಾತ್ರ ಬೇರೆ ಸಂಗತಿ. ಆ ಅಂಟು ಎಷ್ಟು ದೂರ ಹೋಯಿತೆಂಬುದಕ್ಕೆ ಮುಂದಿನ ಚರಿತ್ರೆಯೇ ಸಾಕ್ಷಿ.

೬

ನಮ್ಮ ಹಿಂದಿನ ಹೈದರಾಬಾದು ಸಂಸ್ಥಾನದ ಕನ್ನಡ ಭಾಗದಲ್ಲಿದ್ದ ಸುರಪುರವು ಬೇಡ ನಾಯಕರ ರಾಜ್ಯ. ಅಲ್ಲಿಗೆ ೧೮೪೧ರಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿ ಬಂದವನು ಫಿಲಿಪ್ ಮೆಡೋಸ್ ಟೇಲರ್. ಅವನು ಅದಕ್ಕೆ ಎರಡು ವರ್ಷ ಹಿಂದೆ, ೧೮೩೯ರಲ್ಲಿ, ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿಯನ್ನು ಬರೆದು ಇಂಗ್ಲೆಂಡಿನಲ್ಲಿ ಹೆಸರಾಗಿದ್ದನು. ಹಿಂದೂಸ್ತಾನದಲ್ಲಿ ಅಪರಾಧವೆಂಬುದು ತಂದೆಯಿಂದ ಮಗನಿಗೆ ಬರುವ ಕುಲವೃತ್ತಿಯೆಂಬ ಭಾವನೆ ಆಂಗ್ಲ ಓದುಗರಲ್ಲಿ ಬೇರೂರಲು ಠಕ್ಕರ ಕುರಿತ ಆ ಬಗೆಯ ಬರವಣಿಗೆ ಬಹಳ ಸಹಾಯ ಮಾಡಿತು. ಆದರೆ ಅದೇ ಟೇಲರನು ಸುರಪುರದಲ್ಲಿ ವರ್ಷಗಟ್ಟಲೆ ಇದ್ದು, ಬಾಲಕನಾದ ವೆಂಕಟಪ್ಪನಾಯಕನ ಪಾಲನೆಯನ್ನು ನೋಡಿಕೊಂಡು, ತನ್ನ ಆತ್ಮಕಥೆಯಲ್ಲಿ ಆ ಹುಡುಗನ ವಿಷಯ 쓰ಬರೆಯುವಾಗ ಬೇರೆಯೇ ಮನುಷ್ಯನಾಗುತ್ತಾನೆ. ಹುಡುಗನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ೧೮೫೮ರ ದಂಗೆಯಲ್ಲಿ ಸೆರೆಯಾದ ಆ ತರುಣ ಅರಸನ ದುರಂತವನ್ನು ಹೇಳುವ ಪುಟಗಳಲ್ಲಿ ಅಧಿಕಾರಿಯ ಗತ್ತು ಕಾಣುವುದಿಲ್ಲ, ದುಃಖ ಕಾಣುತ್ತದೆ. ಕುಲದ ಹೆಸರು ಹೋಗಿ ಮನುಷ್ಯನ ಹೆಸರು ಬಂದಾಗ ಬರವಣಿಗೆ ಹೇಗೆ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಕಾನೂನು ಮಾತ್ರ ಬದಲಾಗಲಿಲ್ಲ. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ಹಲಗಲಿಯ ಬೇಡರು ಧಿಕ್ಕರಿಸಿದರು, ಊರು ಸುಟ್ಟುಹೋಯಿತು. ಸರಕಾರದ ಕಾಗದದಲ್ಲಿ ಅವರು ದಂಗೆಕೋರರು; ಲಾವಣಿಯಲ್ಲಿ ಬಂಟರು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚುಹಾಕಿಸಿದವನು ಸರಕಾರದ ಅಧಿಕಾರಿಯೇ ಆದ ಜೆ. ಎಫ್. ಫ್ಲೀಟ್ ಎಂಬುದು ಗಮನಾರ್ಹ. ೧೮೭೧ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂದಿತು. ಮೊದಲು ಉತ್ತರ ಭಾರತಕ್ಕೆ ಅನ್ವಯಿಸಿದ ಅದು ೧೯೧೧ರ ಬಳಿಕ ದಕ್ಷಿಣಕ್ಕೂ ಹಬ್ಬಿತು. ಮುಂಬಯಿ ಪ್ರಾಂತದಲ್ಲಿ ಬೇರಡರೆಂಬ ಹೆಸರಿನಿಂದ ಬೇಡರೂ ಆ ಪಟ್ಟಿಗೆ ಸೇರಿದರು. ಹುಟ್ಟಿದ ಮಗುವೂ ಕಾನೂನಿನ ದೃಷ್ಟಿಯಲ್ಲಿ ಶಂಕಿತನಾಯಿತು. ೧೯೫೨ರಲ್ಲಿ ಸ್ವತಂತ್ರ ಭಾರತವು ಆ ಕಾಯಿದೆಯನ್ನು ರದ್ದುಗೊಳಿಸಿತು. ಆದರೆ ಕಾಯಿದೆಯನ್ನು ರದ್ದುಪಡಿಸಿದಷ್ಟು ಸುಲಭವಾಗಿ ಮಾತಿನ ವಾಡಿಕೆಯನ್ನು ರದ್ದುಪಡಿಸಲಾಗದು.

೭

ಇದು ನಮ್ಮ ದೇಶದ ರೋಗ ಮಾತ್ರವೆಂದು ತಿಳಿಯಬೇಕಾಗಿಲ್ಲ. ದನ, ಹುಲ್ಲು, ಗಡಿ ಈ ಮೂರೂ ಕೂಡಿದ ಕಡೆಯಲ್ಲೆಲ್ಲ ಇದೇ ಕಥೆ ಬೇರೆ ಹೆಸರಿನಿಂದ ನಡೆದಿದೆ. ಅಮೆರಿಕದ ಪಶ್ಚಿಮ ಗಡಿಯ ಅರಿಜೋನಾ ಸೀಮೆಯಲ್ಲಿ ‘ಪ್ಲೆಸೆಂಟ್ ವ್ಯಾಲಿ’ ಎಂಬ ಕಣಿವೆಯುಂಟು. ಹೆಸರಿನ ಅರ್ಥ ರಮ್ಯ ಕಣಿವೆ. ೧೮೮೦ರ ದಶಕದಲ್ಲಿ ಅಲ್ಲಿ ಗ್ರಹಾಂ, ಟ್ಯೂಕ್ಸ್‌ಬರಿ ಎಂಬ ಎರಡು ದನಗಾಹಿ ಮನೆತನಗಳು ಮೊದಲು ಸ್ನೇಹದಿಂದಿದ್ದು, ಬಳಿಕ ದನಗಳ್ಳತನದ ಆರೋಪಗಳಿಂದ ಹಗೆಗಳಾದವು. ೧೮೮೭ರಲ್ಲಿ ಕುರಿಮಂದೆಗಳು ಆ ಹುಲ್ಲುಗಾವಲಿಗೆ ಬಂದಾಗ ಟ್ಯೂಕ್ಸ್‌ಬರಿಗಳು ಅವುಗಳ ಪಕ್ಷ ವಹಿಸಿದರು, ಹಗೆ ರಕ್ತಪಾತವಾಯಿತು. ೧೮೯೨ರಲ್ಲಿ ಟಾಮ್ ಗ್ರಹಾಂನ ಕೊಲೆಯೊಡನೆ ಅದು ಮುಗಿಯಿತೆನ್ನುತ್ತಾರೆ. ಆ ಹೊತ್ತಿಗೆ ಎರಡು ಮನೆಗಳ ಗಂಡಸರಲ್ಲಿ ಉಳಿದವರು ಬೆರಳೆಣಿಕೆಯಷ್ಟು ಜನ. ಟ್ಯೂಕ್ಸ್‌ಬರಿ ಸೋದರರ ತಾಯಿ ಮೂಲನಿವಾಸಿಗಳ ಹೆಂಗಸು. ಅದರಿಂದ ಅವರ ಹಗೆಗಳಿಗೆ ಬೈಗುಳವನ್ನು ಹುಡುಕಬೇಕಾಗಿರಲಿಲ್ಲ; ರಕ್ತವೇ ಬೈಗುಳವಾಯಿತು. ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರೆಂದರು, ಆದರೆ ಒಬ್ಬರ ಕಳ್ಳತನಕ್ಕೆ ಮಾತ್ರ ಹುಟ್ಟಿನ ಕಾರಣ ಸಿಕ್ಕಿತು.

ಈ ಹಗೆಯನ್ನು ಆಧರಿಸಿ ಝೇನ್ ಗ್ರೇ ಎಂಬ ಜನಪ್ರಿಯ ಕಾದಂಬರಿಕಾರನು ೧೯೨೧ರಲ್ಲಿ, ‘ಕೊನೆಯ ಮನುಷ್ಯನವರೆಗೆ’ ಎಂದು ಅರ್ಥವಾಗುವ ಹೆಸರಿನ ಕಾದಂಬರಿಯನ್ನು ಬರೆದನು. ಮನೆತನಗಳ ಹೆಸರನ್ನು ಬದಲಾಯಿಸಿ, ಇಸ್‌ಬೆಲ್ ಎಂಬ ಮನೆಯ ಹುಡುಗನಿಗೂ ಜಾರ್ತ್ ಎಂಬ ಮನೆಯ ಹುಡುಗಿಗೂ ಪ್ರೇಮವನ್ನು ಕಲ್ಪಿಸಿದನು. ಮೂಲನಿವಾಸಿ ರಕ್ತದ ಅಂಶವುಳ್ಳವನನ್ನೇ ನಾಯಕನನ್ನಾಗಿ ಮಾಡಿದ್ದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ. ಆದರೆ ಆ ಧೈರ್ಯ ಅರ್ಧಕ್ಕೆ ನಿಂತಿತು. ಚರಿತ್ರೆಯಲ್ಲಿ ಎರಡು ಪಕ್ಷಗಳ ಮೇಲೂ ಇದ್ದ ಕಳ್ಳತನದ ಆರೋಪವನ್ನು ಅವನು ಒಂದು ಪಕ್ಷದ ಮೇಲೆಯೇ ಹೊರಿಸಿ, ಜಾರ್ತರ ಕಡೆಯವರನ್ನು ದನಗಳ್ಳರೆಂದು ತೀರ್ಮಾನಿಸಿಬಿಟ್ಟನು. ಓದುಗನಿಗೆ ನೆಮ್ಮದಿಯಾಯಿತು; ಪ್ರಶ್ನೆ ಸತ್ತುಹೋಯಿತು. ಅಕ್ಷರವರಿಯದ ಗೊಲ್ಲರ ಗಾಯಕರು ಖಡ್ಗ ತಿಕ್ಕನನಿಗೆ ಮಾಡಿದ ನ್ಯಾಯವನ್ನು ಅಚ್ಚಿನ ಯುಗದ ಈ ಲೇಖಕನು ತನ್ನ ಖಳರಿಗೆ ಮಾಡಲಿಲ್ಲ. ಹಗೆಯ ಕಥೆಯನ್ನು ಅಳೆಯಲು ಈ ಲೇಖಕನು ಸೂಚಿಸುವ ಮಾನದಂಡ ಇದೊಂದೇ: ಎದುರಾಳಿಯ ಮನೆಯೊಳಗೆ ಕಥೆ ಒಂದು ಸಲವಾದರೂ ಹೋಗಿ ಬಂದಿತೆ? ಹೋಗಿ ಬಂದಿದ್ದರೆ ಅದು ಕಾವ್ಯ. ಇಲ್ಲದಿದ್ದರೆ ಅದು ಹಕ್ಕುಪತ್ರ.

೮

ಈ ಮಾನದಂಡ ಹೊರಗಿನಿಂದ ತಂದದ್ದಲ್ಲ. ತುರುಗೋಳಿನ ಕಲ್ಲುಗಳು ಊರೂರಲ್ಲಿ ಏಳುತ್ತಿದ್ದ ಹನ್ನೆರಡನೆಯ ಶತಮಾನದಲ್ಲಿಯೇ, ಕಲ್ಯಾಣದಲ್ಲಿ, ಬಸವಣ್ಣನವರು ಆಕಳ ಕಳ್ಳರ ವಿಷಯವಾಗಿ ಒಂದು ವಚನವನ್ನು ಹೇಳಿದ್ದಾರೆ. ದನ ಹೋಯಿತೆಂದು ಹುಯ್ಯಲಿಡುವುದು ಬೇಡವೆಂದೂ, ಹಾಲು ಆ ಮನೆಯಲ್ಲಿ ಕರೆದರೂ ಈ ಮನೆಯಲ್ಲಿ ಕರೆದರೂ ಉಣ್ಣುವ ಸಂಗನು ಒಬ್ಬನೇ ಎಂದೂ ಅದರ ತಾತ್ಪರ್ಯ. ಭಕ್ತಿಯ ಮಾತೆಂದು ನಾವು ಅದನ್ನು ಬದಿಗಿರಿಸಿರುವೆವು. ವೀರಗಲ್ಲುಗಳ ಪಕ್ಕದಲ್ಲಿಟ್ಟು ಓದಿದರೆ ಅದರ ಕೆಚ್ಚು ತಿಳಿಯುತ್ತದೆ. ಹುಯ್ಯಲು ಎಂಬುದು ಆ ಕಾಲದಲ್ಲಿ ಆಯುಧವನ್ನು ಹಿಡಿಯಲು ಕೊಡುವ ಕರೆ. ಆ ಕರೆಯನ್ನೇ ಬೇಡವೆಂದು, ಕದ್ದವನ ಮನೆಯಲ್ಲಿಯೂ ಹಸಿದ ಬಾಯಿಯಿದೆಯೆಂದು, ಆ ಬಾಯಿಯೂ ದೇವರ ಬಾಯಿಯೆಂದು ಹೇಳುವುದು ವೀರಗಲ್ಲಿನ ಮೂರು ಅಂತಸ್ತುಗಳನ್ನೂ ಮೀರಿದ ನಾಲ್ಕನೆಯ ಅಂತಸ್ತು.

ಸಂಶೋಧಕರಾದ ನಾವು ಬಸವಣ್ಣನವರಷ್ಟು ಎತ್ತರಕ್ಕೆ ಏರಬೇಕಾಗಿಲ್ಲ. ನಮ್ಮಿಂದ ಆಗುವ ಕೆಲವು ಸಣ್ಣ ಕೆಲಸಗಳಿವೆ. ಶಾಸನದ ‘ಬೇಡರ್’ ಎಂಬುದನ್ನು ಅರ್ಥಬರೆಯುವಾಗ ‘ಕಳ್ಳರು’ ಎಂದು ಬರೆಯದಿರುವುದು ಒಂದು. ಒಂದು ಸೀಮೆಯ ವೀರಗಲ್ಲುಗಳನ್ನು ಓದುವಾಗ ಅದೇ ಸೀಮೆಯ ಗಣೆಯ ಹಾಡನ್ನೂ, ಬೇಡರ ಹಾಡನ್ನೂ ಜೊತೆಗಿಟ್ಟು ಓದುವುದು ಎರಡು. ಮೂರನೆಯದು ವಿಶೇಷವಾಗಿ ಈ ನಗರದ ನಮಗೆ ಸೇರಿದುದು. ನಾವು ಮನೆಯಲ್ಲಿ ಕನ್ನಡವಾಡಿ, ಬೀದಿಯಲ್ಲಿ ತೆಲುಗನ್ನೂ ಉರ್ದುವನ್ನೂ ಆಡಿ ಬದುಕುವವರು. ಕಾಟಮರಾಜನ ಕಥೆಯನ್ನು ತೆಲುಗಿನಲ್ಲಿಯೇ ಓದಿ, ಜುಂಜಪ್ಪನ ಕಾವ್ಯದೊಡನೆ ಹೋಲಿಸಿ ನೋಡುವ ಅನುಕೂಲ ನಮಗಿರುವಷ್ಟು ಬೆಂಗಳೂರಿನವರಿಗೂ ಇಲ್ಲ, ಧಾರವಾಡದವರಿಗೂ ಇಲ್ಲ. ಜಿನವಲ್ಲಭನು ಒಂದೇ ಬಂಡೆಯ ಮೇಲೆ ಮೂರು ಭಾಷೆಗಳಿಗೆ ಎಡೆಕೊಟ್ಟ ಸೀಮೆಯಲ್ಲಿ ವಾಸವಾಗಿದ್ದು, ಒಂದೇ ಪಕ್ಷದ ಕಲ್ಲನ್ನು ಓದಿ ನಾವು ತೃಪ್ತರಾದರೆ ಅದು ನಮ್ಮ ಸೋಮಾರಿತನ.

ಆ ತರುಣನು ಮತ್ತೆ ನಮ್ಮ ಸಭೆಗಳಿಗೆ ಬಂದುದನ್ನು ನಾನು ಕಾಣೆ. ಬಂದರೆ ಅವನಿಗೆ ಹೇಳಬೇಕೆಂದಿರುವುದು ಇಷ್ಟೆ: ಕಲ್ಲಿನ ಕೆಳಗಿನ ಅಂತಸ್ತಿನಲ್ಲಿ ಬಿಲ್ಲು ಹಿಡಿದು ಬಿದ್ದಿರುವ ಹೆಸರಿಲ್ಲದವನನ್ನು ನಾನು ಇಷ್ಟು ವರ್ಷ ನೋಡಿಯೂ ನೋಡಿರಲಿಲ್ಲ, ಈಗ ಪ್ರತಿಯೊಂದು ಕಲ್ಲಿನಲ್ಲಿಯೂ ಮೊದಲು ಅವನನ್ನೇ ಹುಡುಕುತ್ತೇನೆ.